ಏಪ್ರಿಲ್‌ನಲ್ಲಿ ಇದ್ದ ಮೀನು ಜೂನ್‌ನಲ್ಲಿ ಎಲ್ಲಿ ಹೋಯ್ತು?

ಏಪ್ರಿಲ್‌ನಲ್ಲಿ ಒಂದೇ ಬೆಳಿಗ್ಗೆ 14 ಕ್ರಾಪಿ ಮೀನು ಸಿಕ್ಕ ಜಾಗ ಅದು. ಜೂನ್‌ನಲ್ಲಿ ಅಲ್ಲೇ ಹೋಗಿ, ಅದೇ ಗಾಳ, ಅದೇ ಬೆಂಡು ಹಾಕಿ ಮೂರು ತಾಸು ಕೂತೆ. ಬೆಂಡು ಅಲುಗಲೇ ಇಲ್ಲ. ಮೀನೆಲ್ಲ ಯಾರೋ ಹಿಡಿದು ಮುಗಿಸಿದ್ದಾರೆ ಅಂದುಕೊಂಡು ಮನೆಗೆ ಬಂದೆ.

ಇದು ಅಮೆರಿಕದ ಟೆಕ್ಸಸ್‌ನ ಲೇಕ್ ಫೋರ್ಕ್ ಅನ್ನುವ ಜಲಾಶಯ. ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ದಾರಿ. 1980ರಲ್ಲಿ ನೀರು ನಿಲ್ಲಿಸುವಾಗ ಕಾಡನ್ನು ಪೂರ್ತಿ ಕಡಿದಿರಲಿಲ್ಲ. ಒಣಮರಗಳು ಇವತ್ತಿಗೂ ನೀರೊಳಗೆ ನಿಂತಿವೆ, ಕ್ರಾಪಿಗೆ ಅವೇ ಮನೆ. ಅಂಗೈಗಿಂತ ತುಸು ದೊಡ್ಡ ಮೀನು, ಬೆಳ್ಳಿ ಮೈಮೇಲೆ ಕಪ್ಪು ಚುಕ್ಕೆ. ಬಾಯಿ ಕಾಗದದಷ್ಟು ತೆಳು. ಊರಿನ ಅಭ್ಯಾಸದಲ್ಲಿ ಜೋರಾಗಿ ಎಳೆದರೆ ಬಾಯಿ ಹರಿದು ಬರೀ ಕೊಕ್ಕೆ ಕೈಗೆ ಬರುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಹತ್ತುಮೀನು ನೋಡಿಕೊಂಡೇ ಬೆಳೆದವನು. ಮೊದಲ ಮಳೆಗೆ ಹೊಳೆ ಬಿಟ್ಟು ಗದ್ದೆಗೆ ಹತ್ತುತ್ತವಲ್ಲ, ಮೊಟ್ಟೆ ಇಡೋಕೆ, ಅವು. ಕ್ರಾಪಿಯದೂ ಹೆಚ್ಚುಕಮ್ಮಿ ಅದೇ ಕತೆ, ಮಳೆಯ ಬದಲು ಇಲ್ಲಿ ನೀರಿನ ಬಿಸಿ. ಇಷ್ಟು ಹೊಳೆಯೋಕೆ ನನಗೆ ಎರಡು ವರ್ಷ ಬೇಕಾಯ್ತು!

ಆಮೇಲೆ ದಾರಕ್ಕೊಂದು ಥರ್ಮಾಮೀಟರ್ ಕಟ್ಟಿ ದೋಣಿಯಲ್ಲಿ ಇಟ್ಟುಕೊಂಡೆ. ನೀರು 50 ಡಿಗ್ರಿ ಫ್ಯಾರನ್‌ಹೀಟ್ (10 ಸೆಲ್ಸಿಯಸ್) ದಾಟಿದ ಮೇಲೆ ಮೀನು ಆಳ ಬಿಟ್ಟು ಹಳ್ಳಗಳ ಬಾಯಿಗೆ ಬಂದು ಕಾಯುತ್ತವೆ. 60 ದಾಟಿದರೆ ದಡಕ್ಕೇ ಬರುತ್ತವೆ, ಮೂರ್ನಾಲ್ಕು ಅಡಿ ನೀರಿಗೆ. ಗಂಡಿನ ಮೈ ಇದ್ದಿಲಿನಂತೆ ಕಪ್ಪಾಗುತ್ತದೆ. ಗೂಡು ಕಾಯುವುದೂ ಅದೇ. ಬೆಂಡು ಹಾಕಿ ಹಿಡಿಯೋಕೆ ಈ ಕೆಲವು ವಾರಗಳೇ ಸುಗ್ಗಿ. ಮೊಟ್ಟೆ ಒಡೆದ ಮೇಲೆ ದಡದಲ್ಲಿ ಕೂತವರಿಗೆ ಸೊಳ್ಳೆ ಮಾತ್ರ.

ಹಾಗಾದರೆ ಬೇಸಿಗೆಯಲ್ಲಿ ಆಳಕ್ಕೆ ಬಿಟ್ಟರಾಯ್ತು ಅಂತ ಆಗಸ್ಟ್‌ನಲ್ಲಿ 35 ಅಡಿಗೆ ಜೀವಂತ ಮಿನ್ನೋ, ಅಂದರೆ ಎರೆಗೆ ಹಾಕುವ ಪುಟ್ಟ ಮೀನು, ಇಳಿಸಿದೆ. ಹತ್ತು ನಿಮಿಷ ಬಿಟ್ಟು ಎತ್ತಿದರೆ ಮಿನ್ನೋ ಸತ್ತಿತ್ತು. ಇನ್ನೊಂದು ಹಾಕಿದೆ, ಅದೂ ಸತ್ತಿತು. ಡಬ್ಬಿಯಲ್ಲಿದ್ದವು ಮಾತ್ರ ಚುರುಕಾಗೇ ಓಡಾಡುತ್ತಿದ್ದವು. ಆಗ ಅರ್ಥವಾಯ್ತು. ಬೇಸಿಗೆಯಲ್ಲಿ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಪದರ ಕಟ್ಟುತ್ತದೆ. ಎರಡೂ ಬೆರೆಯುವುದಿಲ್ಲ, ಕೆಳಗೆ ಆಮ್ಲಜನಕ ಮುಗಿದುಹೋಗುತ್ತದೆ. ಮೀನು ಪದರದ ಮೇಲೆಯೇ, ಮರದ ನೆರಳಿಗೆ ಒತ್ತಿ ನಿಂತಿರುತ್ತವೆ. 18 ಅಡಿಗೆ ಎತ್ತಿದೆ, ಅರ್ಧ ಗಂಟೆಯಲ್ಲಿ ಐದು ಬಂದವು. ಕ್ರಾಪಿ ಮೇಲೆ ನೋಡಿ ತಿನ್ನುವ ಮೀನು. ಎರೆ ಅದರ ತಲೆಗಿಂತ ಒಂದಡಿ ಮೇಲಿರಬೇಕು, ಕೆಳಗೆ ಹೋದರೆ ತಿರುಗಿಯೂ ನೋಡುವುದಿಲ್ಲ.

ಶರತ್ಕಾಲದಲ್ಲಿ ಶ್ಯಾಡ್ ಅನ್ನುವ ಸಣ್ಣ ಮೀನು ಹಳ್ಳಗಳಿಗೆ ನುಗ್ಗುತ್ತವೆ, ಕ್ರಾಪಿಯೂ ಹಿಂದೆಯೇ. ನನಗೆ ಆ ಕಾಲ ಅಷ್ಟು ಒಲಿದಿಲ್ಲ.

ಚಳಿಗಾಲದಲ್ಲಿ ಮತ್ತೆ ಆಳ. ಜನವರಿಯಲ್ಲಿ ಹಳೇ ತೊರೆಯ ಪಾತ್ರದ ಮೇಲೆ, 40 ಅಡಿಯಿಂದ ಏಳಿಂಚಿನದೊಂದು ಬಂತು. ಪಾಪ, ಚಿಕ್ಕದು ಅಂತ ವಾಪಸ್ ಬಿಟ್ಟೆ. ಅದು ಮುಳುಗಲೇ ಇಲ್ಲ. ಮಗ್ಗುಲಾಗಿ ತೇಲುತ್ತಾ ಸುಮ್ನೆ ಬಾಲ ಆಡಿಸುತ್ತಿತ್ತು, ಹೊಟ್ಟೆ ಊದಿತ್ತು, ಕಣ್ಣು ಹೊರಗೆ ಬಂದಿತ್ತು. ಪಕ್ಕದ ದೋಣಿಯ ಅಜ್ಜ ಅದನ್ನು ಎತ್ತಿಕೋ ಅಂತ ಕೂಗಿದರು. ಅಷ್ಟು ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟಿಗಿಂತ ತುಸು ಜಾಸ್ತಿ. ಮೇಲೆ ಬರುತ್ತಾ ಮೀನಿನ ಗಾಳಿಚೀಲ ಉಬ್ಬಿಬಿಡುತ್ತದೆ. ಬಿಟ್ಟರೂ ಎಷ್ಟೋ ಸಾಯುತ್ತವೆ. ಉಳಿದ ತಿಂಗಳು 10 ಇಂಚಿಗಿಂತ ಚಿಕ್ಕದನ್ನು ವಾಪಸ್ ಬಿಡಬೇಕು, ಆದರೆ ಅದಕ್ಕೇ ಇಲ್ಲಿ ಡಿಸೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಆ ಅಳತೆಯ ನಿಯಮವೇ ಇಲ್ಲ. ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳಲೇಬೇಕು, 25 ಆದರೆ ಸಾಕು ಮಾಡಬೇಕು. ನಾನು ನಿಯಮ ಓದಿರಲಿಲ್ಲ.

ಕೈಬಲೆಯಿಂದ ಎತ್ತಿ ಐಸ್ ಪೆಟ್ಟಿಗೆಗೆ ಹಾಕಿದೆ. ಈಗ ಜನವರಿಯಲ್ಲಿ ಸಾಲಾಗಿ ಎರಡು ಚಿಕ್ಕವು ಬಂದರೆ ದಾರ ಸುತ್ತಿ ಬೇರೆ ಮರದ ಹತ್ತಿರ ಹೋಗುತ್ತೇನೆ.