ತಗಡಿನ ಚಪ್ಪರ, ಎರಡು ಫ್ಯಾನು: ಎಚ್‌1ಎನ್‌1 ಮಳೆಗಾಲದ ನನ್ನ ಅನುಭವ

ಆಶ್ಲೇಷ ಮಳೆ ಹೊಡೆಯುವಾಗ ವಾರ್ಡಿನ ಕಿಟಕಿ ತೆರೆದಿಡಿ ಎಂದರೆ ಚಿಕ್ಕಮಗಳೂರಿನಲ್ಲಿ ಯಾರೂ ಒಪ್ಪುವುದಿಲ್ಲ. ಗಾಳಿಯಲ್ಲಿ ಹರಡುವ ಎಚ್‌1ಎನ್‌1, ಅಂದರೆ ಹಂದಿಜ್ವರ, ಬಂದ 2009ರಲ್ಲಿ ನಮ್ಮ ಇಪ್ಪತ್ತು ಚಿಲ್ಲರೆ ಹಾಸಿಗೆಗಳ ನರ್ಸಿಂಗ್ ಹೋಮಿನ ಪಾಲುದಾರ ವೈದ್ಯರೇ ಒಪ್ಪಲಿಲ್ಲ. “ಜ್ವರದಿಂದ ಉಳಿದವರು ನಿಮ್ಮ ಥಂಡಿಗೆ ಹೋಗುತ್ತಾರೆ ಡಾಕ್ಟರೇ” ಎಂದು ನಕ್ಕರು.

ಮಾಸ್ಕ್, ಕೈತೊಳೆತ, ಹಾಸಿಗೆಗಳ ಅಂತರ, ಜ್ವರದ ತೀವ್ರತೆ ನೋಡಿ ರೋಗಿಗಳನ್ನು ವಿಂಗಡಿಸುವ ಎ-ಬಿ-ಸಿ ವರ್ಗೀಕರಣ ಎಲ್ಲ ನಿಮಗೆ ಗೊತ್ತಿರುವುದೇ. ನಮಗೆ ಪೆಟ್ಟು ಬೀಳುತ್ತಿದ್ದುದು ಬಾಗಿಲಲ್ಲಿ. ಆಲ್ದೂರು, ಮೂಡಿಗೆರೆ ಕಡೆಯ ತೋಟದ ಲೈನುಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಒಂದೇ ಜೀಪಿನಲ್ಲಿ ಎಂಟು ಹತ್ತು ಜನ ಕೆಮ್ಮುತ್ತ ಬಂದು, ಗರ್ಭಿಣಿಯರು ಕೂತ ಬೆಂಚಿನಲ್ಲೇ ಚೀಟಿಗೆ ಕಾಯುತ್ತಿದ್ದರು. ನಡುವೆ ಪ್ಲೈವುಡ್ ಅಡ್ಡಗೋಡೆ ಹಾಕಿಸಿದೆವು. ಹದಿನೈದು ಸಾವಿರದಷ್ಟು ನೀರಿಗೆ ಬಿತ್ತು. ಮೇಲೆ ಮೂರಡಿ ಬಯಲು, ಕೆಮ್ಮು ಆಚೆಗೂ ಹೋಗುತ್ತಿತ್ತು. ಕೊನೆಗೆ ಕಾರು ನಿಲ್ಲಿಸುವ ಜಾಗಕ್ಕೆ ತಗಡು ಹೊದಿಸಿ, ಎರಚಲಿಗೆ ಕಾಫಿ ಒಣಗಿಸುವ ಟಾರ್ಪಾಲು ಇಳಿಬಿಟ್ಟು, ಕೆಮ್ಮು-ಜ್ವರದವರ ಚೀಟಿ, ತಪಾಸಣೆ, ಔಷಧಿ ಮೂರನ್ನೂ ಅಲ್ಲೇ ಮುಗಿಸತೊಡಗಿದೆ. ತಗಡಿಗೆ ಮೂವತ್ತು ಸಾವಿರದ ಆಸುಪಾಸು. ಟಾರ್ಪಾಲು ಪ್ಲಾಂಟರ್ ಸ್ನೇಹಿತರು ಕೊಟ್ಟದ್ದು, ಪುಕ್ಕಟೆ.

ದಾಖಲಾದವರ ಕೋಣೆಯದು ಇನ್ನೊಂದು ಕಥೆ. ಕೋಣೆಯ ಗಾಳಿ ಬಾಗಿಲಿಂದ ಆಚೆ ಬಾರದಂತೆ ಎಳೆದು ಹೊರಹಾಕುವ ನೆಗೆಟಿವ್ ಪ್ರೆಶರ್ ವ್ಯವಸ್ಥೆಗೆ ಬೆಂಗಳೂರಿನವರು ಕಳಿಸಿದ ದರಪಟ್ಟಿ ನೋಡಿ ಮಡಚಿಟ್ಟೆ. ಎರಡು ಎಕ್ಸಾಸ್ಟ್ ಫ್ಯಾನಿಗೆ ವೈರಿಂಗ್ ಸೇರಿ ಆರೇಳು ಸಾವಿರ ಆಯಿತು. ಎಲೆಕ್ಟ್ರಿಷಿಯನ್ ಅವನ್ನು ಬಾಗಿಲಿನ ಪಕ್ಕಕ್ಕೇ ಕೂರಿಸಿದ್ದ. ಊದುಬತ್ತಿ ಹಚ್ಚಿ ಮೂಲೆಯ ಹಾಸಿಗೆಯ ಬಳಿ ಹಿಡಿದರೆ ಹೊಗೆ ನೆಟ್ಟಗೆ ಮೇಲೇರಿ ಅಲ್ಲೇ ತೂಗುತ್ತಿತ್ತು. ಬಾಗಿಲಿಂದ ಬಂದ ಗಾಳಿ ರೋಗಿಯನ್ನು ಮುಟ್ಟದೆ ಹೊರಗೆ ಹೋಗುತ್ತಿತ್ತು. ಫ್ಯಾನುಗಳನ್ನು ಎದುರು ಗೋಡೆಗೆ, ತಲೆದಿಂಬಿನ ಕಡೆಗೆ ಬದಲಿಸಿದ ಮೇಲೆ ಹೊಸ್ತಿಲಲ್ಲಿ ಹಿಡಿದ ಹೊಗೆ ಒಳಕ್ಕೆ ಬಾಗಿ, ಹಾಸಿಗೆಗಳ ಮೇಲೆ ಹಾದು, ಹಿತ್ತಿಲಿಗೆ ಹೋಯಿತು. ದಿನಾ ಬೆಳಿಗ್ಗೆ ಒಂದು ಊದುಬತ್ತಿ ನಮ್ಮ ನಿಯಮವಾಯಿತು. ಕಿಟಕಿ ತೆರೆದೂ ಎರಚಲು ಬಾರದಂತೆ ನಮ್ಮ ಬಡಗಿ ಮಾಡಿದ ಏರ್ಪಾಟನ್ನು ಮಾತ್ರ ಖುದ್ದಾಗಿ ಬಂದವರಿಗೆ ತೋರಿಸುತ್ತೇನೆ.

ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ, ಆದರೆ ಹನಿಗಳನ್ನು ಕೋಣೆತುಂಬ ಹರಡುವ ನೆಬುಲೈಸರ್ ಮಿಷನ್ನನ್ನು ಆದಷ್ಟೂ ನಿಲ್ಲಿಸಿ, ಸ್ಪೇಸರ್ ಎಂಬ ಕೊಳವೆಯ ಮೂಲಕ ಇನ್‌ಹೇಲರ್ ಕೊಟ್ಟೆವು. “ಮಿಷನ್ ಹಿಡಿಯಲಿಲ್ಲ, ಬಿಲ್ ಮಾತ್ರ ಹಾಕಿದರು” ಎಂದು ರೋಗಿಗಳ ಕಡೆಯವರೊಡನೆ ಜಗಳವಾಯಿತು. ಆಗಲಿ. ಹಿಂದೆಲ್ಲ ಜುಲೈ-ಆಗಸ್ಟ್ ಬಂತೆಂದರೆ ಅರ್ಧ ಸಿಬ್ಬಂದಿ ಜ್ವರವೆಂದು ರಜೆ ಹಾಕುತ್ತಿದ್ದರು. ಆ ವರ್ಷ ಮಲಗಿದವರು ಮೂವರೋ ನಾಲ್ವರೋ. 2010ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಡುಗು ಮುಗಿಯಿತೆಂದಾಗಲೂ ತಗಡು ಇಳಿಸಲಿಲ್ಲ.

ಆ ನಡುವೆ ಕೈಗೆ ಹಚ್ಚುವ ದ್ರಾವಣವನ್ನೂ (ಸ್ಯಾನಿಟೈಸರ್) ನಾವೇ ಮಾಡಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಹತ್ತು ಲೀಟರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಏಳೂವರೆ ಲೀಟರ್, 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಗ್ಲಿಸರಿನ್ 145 ಮಿ.ಲೀ., ಉಳಿದದ್ದು ಕುದಿಸಿ ಆರಿಸಿದ ನೀರು. ಕೈ ಒಣಗುತ್ತದೆಂದು ನಮ್ಮ ಫಾರ್ಮಸಿಸ್ಟ್ ಗ್ಲಿಸರಿನ್ ಇಮ್ಮಡಿ ಸುರಿದರು. ಅಂಟಂಟು ಕೈಯಲ್ಲಿ ಗ್ಲೌಸ್ ಏರದೆ ಸಿಸ್ಟರ್‌ಗಳು ಬಾಟಲಿಯನ್ನು ಮುಟ್ಟುವುದೇ ಬಿಟ್ಟರು. ಎರಡನೆಯ ಸಲ ಅಳತೆ ಪಾತ್ರೆ ನನ್ನ ಕೈಯಲ್ಲೇ ಇತ್ತು. ಅಂಗಡಿಯ ಬಾಟಲಿಯ ಅರ್ಧ ಬೆಲೆಗೆ ಬಿತ್ತು.