ಪುಟ್ಟ ಕೈ ಮಣ್ಣಾಗಲಿ: ಮಕ್ಕಳ ಜೊತೆ ಬೀಜದುಂಡೆ, ಎಲೆಯಚ್ಚು, ಹೂಬಣ್ಣ

ಮೂರರಿಂದ ಏಳು ವರ್ಷದ ಮಕ್ಕಳಿಗೆ ‘ಪರಿಸರ ಉಳಿಸಿ’ ಎಂದು ಹೇಳಿದರೆ ಅವರ ಕಣ್ಣ ಮುಂದೆ ಏನೂ ಮೂಡುವುದಿಲ್ಲ. ಮನೆಯೆದುರಿನ ಹೊಂಗೆ ಮರ ಮಾತ್ರ ಅವರಿಗೆ ಚೆನ್ನಾಗಿ ಕಾಣುತ್ತದೆ. ಅದರ ಬುಡದಲ್ಲಿ ಬಿದ್ದ ಕಾಯಿ ಕಾಣುತ್ತದೆ, ಕಾಯಿಯ ಮೇಲೆ ಓಡುವ ಇರುವೆ ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಶುರು ಮಾಡಬೇಕಾದದ್ದು ಅಲ್ಲಿಂದಲೇ. ಜೂನ್ 5ರ ವಿಶ್ವ ಪರಿಸರ ದಿನಕ್ಕೆಂದು ಥರ್ಮೋಕೋಲ್ ಗೋಳ ಕೊಂಡು, ಅದಕ್ಕೆ ಹಸಿರು ಮಿನುಗುಪುಡಿ ಅಂಟಿಸಿ, ವಾರ ಕಳೆಯುವುದರೊಳಗೆ ಕಸದ ಬುಟ್ಟಿಗೆ ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಗೋಳವೂ ಪ್ಲಾಸ್ಟಿಕ್, ಅಂಗಡಿಯಲ್ಲಿ ಸಿಗುವ ಮಿನುಗುಪುಡಿಯೂ ಹೆಚ್ಚಾಗಿ ಪ್ಲಾಸ್ಟಿಕ್. ಕೆಳಗಿನ ಚಟುವಟಿಕೆಗಳನ್ನು ಆರಿಸುವಾಗ ನಾನು ಎರಡು ನಿಯಮ ಇಟ್ಟುಕೊಂಡಿದ್ದೇನೆ. ಸಾಮಗ್ರಿ ಮಗು ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ ಸಿಗಬೇಕು. ಆಟ ಮುಗಿದ ಮೇಲೆ ಅದು ಆದಷ್ಟೂ ಮಣ್ಣಿಗೇ ಸೇರಬೇಕು.

ಮೊದಲು ಹೆಕ್ಕುವ ನಡಿಗೆ

ಮಗುವಿನ ಕೈಗೆ ಒಂದು ಸಣ್ಣ ಬಟ್ಟೆ ಚೀಲ ಕೊಡಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಹೊರಡಿ. ದೂರ ಹೋಗುವ ಅಗತ್ಯವಿಲ್ಲ. ನಾಲ್ಕು ವರ್ಷದ ಮಗುವಿಗೆ ಬೀದಿಯ ಈ ತುದಿಯಿಂದ ಆ ತುದಿ ಮುಟ್ಟಲು ಅರ್ಧ ಗಂಟೆ ಬೇಕಾದರೆ ನಡಿಗೆ ಸರಿಯಾಗಿಯೇ ಸಾಗುತ್ತಿದೆ ಎಂದು ತಿಳಿಯಿರಿ. ಬಿದ್ದದ್ದನ್ನು ಮಾತ್ರ ಹೆಕ್ಕಬೇಕು, ಗಿಡದಿಂದ ಕೀಳಬಾರದು ಎಂದು ಮೊದಲೇ ಹೇಳಿಡಿ. ಕಾಲಿಗೆ ಚಪ್ಪಲಿಗಿಂತ ಶೂ ಒಳ್ಳೆಯದು. ಮಳೆಗಾಲದಲ್ಲಿ ತರಗೆಲೆಯ ರಾಶಿಗೆ ಕೈ ಹಾಕುವ ಮೊದಲು ದೊಡ್ಡವರು ಕೋಲಿನಿಂದ ಕೆದಕಿ ನೋಡಬೇಕು. ಹಾವು, ಚೇಳು ಇರಬಹುದು, ಕಂಬಳಿಹುಳುವಂತೂ ಇದ್ದೇ ಇರುತ್ತದೆ.

ಕೆಲವು ಗಿಡಗಳ ವಿಷಯದಲ್ಲಿ ಎಚ್ಚರ ಬೇಕು. ಕಣಗಿಲೆ, ದತ್ತೂರಿ, ಹರಳಿನ ಬೀಜ, ಎಕ್ಕದ ಹಾಲು ಇವು ಯಾವುವೂ ಮಕ್ಕಳ ಕೈಗೆ ಬರಬಾರದು. ಪಾರ್ಥೇನಿಯಂ ಮುಟ್ಟಿದರೆ ಕೆಲವರ ಚರ್ಮ ತುರಿಸಿ ಕೆಂಪಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಳಜಿ ಗುಲಗಂಜಿಯದು. ಉತ್ತರ ಕರ್ನಾಟಕದಲ್ಲಿ ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿಯಿಂದ ಸಿಂಗರಿಸುವುದು ಹಳೆಯ ಚೆಂದದ ಪದ್ಧತಿ. ಆದರೆ ಕೆಂಪು ಮೈ, ಕಪ್ಪು ತಲೆಯ ಆ ಕಾಳನ್ನು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದರ ಬದಲು ಜೋಳದ ಕಾಳು ಇಡಿ. ಮೂರು ವರ್ಷದೊಳಗಿನವರಿಗೆ ಅದೂ ಬೇಡ, ಕಾಳು ಮೂಗಿಗೋ ಕಿವಿಗೋ ಹೋಗುವುದು ಒಂದು ಕ್ಷಣದ ಕೆಲಸ.

ಬೀಜದುಂಡೆ: ಬೀಜದ ಆಯ್ಕೆಯೇ ಮುಖ್ಯ

ಬೀಜಕ್ಕೆ ಮಣ್ಣಿನ ಹೊದಿಕೆ ಹಾಕಿ ಹೊಲಕ್ಕೆ ಎಸೆಯುವ ಕ್ರಮವನ್ನು ನಮ್ಮ ಕಾಲದಲ್ಲಿ ಜಗತ್ತಿಗೆ ಪರಿಚಯಿಸಿದವರು ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೋಕಾ. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ಉಂಡೆಯ ತತ್ವ ಸರಳ. ಒಣಗಿದ ಮಣ್ಣು ಬೀಜವನ್ನು ಇರುವೆ, ಹಕ್ಕಿ, ಇಲಿ ಮತ್ತು ಬಿಸಿಲಿನಿಂದ ಕಾಯುತ್ತದೆ. ಒಳ್ಳೆಯ ಮಳೆ ಬಿದ್ದು ಉಂಡೆ ನೆನೆದು ಮೆತ್ತಗಾದಾಗ ಬೀಜ ಮೊಳೆಯುತ್ತದೆ.

ಕೈಗೆ ಸಿಕ್ಕ ಬೀಜವನ್ನೆಲ್ಲ ಉಂಡೆಗೆ ತುಂಬಿದರೆ ಶ್ರಮವೆಲ್ಲ ವ್ಯರ್ಥ. ಹಲಸು ಮತ್ತು ನೇರಳೆಯ ಬೀಜಗಳು ಒಣಗಿದರೆ ಸಾಯುತ್ತವೆ, ಅವನ್ನು ಹಣ್ಣು ತಿಂದ ಕೂಡಲೇ ನೇರವಾಗಿ ಮಣ್ಣಿಗೆ ಊರಬೇಕು. ಬೇವಿನ ಬೀಜವೂ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಉಂಡೆಗೆ ಒಗ್ಗುವುದು ಹೊಂಗೆ, ಹುಣಸೆ, ಸೀತಾಫಲದಂಥವು. ಮಕ್ಕಳಿಗೆ ನಾನು ಮೊದಲು ಸೂಚಿಸುವುದು ಹೊಂಗೆಯನ್ನೇ. ಬೇಸಿಗೆಯಲ್ಲಿ ಮರದಡಿ ಚಪ್ಪಟೆಯಾದ, ಕಂದು ಬಣ್ಣದ, ಕಟ್ಟಿಗೆಯಷ್ಟು ಗಟ್ಟಿಯಾದ ಕಾಯಿಗಳು ಬಿದ್ದಿರುತ್ತವೆ. ಕಾಯಿಯ ಅಂಚಿಗೆ ಕಲ್ಲಿನಿಂದ ಮೆಲ್ಲಗೆ ಕುಟ್ಟಿದರೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಕೆಂಗಂದು ಬಣ್ಣದ್ದು, ಮೇಲ್ಮೈ ತುಸು ಸುಕ್ಕು. ಒಮ್ಮೊಮ್ಮೆ ಎರಡಿರುತ್ತವೆ, ಆಗ ಮಕ್ಕಳ ಕೂಗು ಕೇಳಬೇಕು. ಹೊಂಗೆ ಬೀಜ ಕಹಿ, ತಿನ್ನುವಂಥದ್ದಲ್ಲ ಎಂದು ಹೇಳಿಕೊಡಿ. ಸುಬಾಬುಲ್ ಬೀಜ ಎಲ್ಲೆಡೆ ಸುಲಭವಾಗಿ ಸಿಗುತ್ತದೆಂದು ಬಳಸಬೇಡಿ. ಅದು ಹೊರನಾಡಿನ ಮರ. ಒಮ್ಮೆ ನೆಲೆಯೂರಿತೆಂದರೆ ಬೇರೆ ಸಸಿಗಳಿಗೆ ಜಾಗ ಬಿಡುವುದಿಲ್ಲ.

ಮೇ ತಿಂಗಳಲ್ಲಿ, ಮುಂಗಾರಿಗೆ ಮುನ್ನ, ಹೀಗೆ ಮಾಡಿ:

1. ಜರಡಿ ಹಿಡಿದ ಕೆಂಪು ಮಣ್ಣು ಮೂರು ಕರಟ, ಚೆನ್ನಾಗಿ ಕಳಿತ ಗೊಬ್ಬರ ಅಥವಾ ಒಣ ಸಗಣಿ ಪುಡಿ ಒಂದು ಕರಟ. ಅಳೆಯುವುದು, ಎಣಿಸುವುದು ಮಗುವೇ. ನೀರು ಹಾಕದೆ ಮೊದಲು ಒಣದಾಗಿಯೇ ಬೆರೆಸಿ.

2. ನೀರನ್ನು ಸುರಿಯದೆ ಚಿಮುಕಿಸುತ್ತ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಒಂದು ಉಂಡೆ ಕಟ್ಟಿ ಮಗುವಿನ ಮೊಣಕಾಲಿನ ಎತ್ತರದಿಂದ ಬಿಟ್ಟು ನೋಡಿ. ಪುಡಿಯಾದರೆ ನೀರು ಸಾಲದು, ನೆಲಕ್ಕೆ ಅಂಟಿ ಚಪ್ಪಟೆಯಾದರೆ ನೀರು ಹೆಚ್ಚು. ಮಣ್ಣಿನಲ್ಲಿ ಮರಳು ಜಾಸ್ತಿಯಿದ್ದರೆ ಸ್ವಲ್ಪ ಜೇಡಿಮಣ್ಣು ಸೇರಿಸಿ.

3. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಹೆಬ್ಬೆರಳಿನಿಂದ ಕುಳಿ ಒತ್ತಿ, ಒಂದು ಬೀಜ ಇಟ್ಟು ಮುಚ್ಚಿ, ಮತ್ತೆ ಉರುಟಿ. ಒಂದೇ ಉಂಡೆಗೆ ನಾಲ್ಕೈದು ಬೀಜ ತುಂಬಬೇಡಿ, ಮೊಳೆತ ಮೇಲೆ ಒಂದರ ಅನ್ನವನ್ನು ಇನ್ನೊಂದು ಕಸಿಯುತ್ತದೆ.

4. ಹಳೆಯ ಪತ್ರಿಕೆಯ ಮೇಲೆ ಹರಡಿ ಎರಡು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.

5. ಒಣಗಿದ್ದನ್ನು ಬುಟ್ಟಿಯಲ್ಲೋ ಬಟ್ಟೆ ಚೀಲದಲ್ಲೋ ಇಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಬರುತ್ತದೆ. ಆ ವರ್ಷದ ಉಂಡೆ ಆ ವರ್ಷವೇ ಮುಗಿಯಬೇಕು.

ಮಕ್ಕಳು ಕಟ್ಟಿದ ಉಂಡೆ ಸೊಟ್ಟಗಿರುತ್ತದೆ, ಒಂದು ದೊಡ್ಡದು, ಒಂದು ಸಣ್ಣದು. ಅವರು ಮಲಗಿದ ಮೇಲೆ ದೊಡ್ಡವರು ಕೂತು ಅವನ್ನು ದುಂಡಗೆ ಮಾಡಿಡಬೇಡಿ. ತಾನು ಮಾಡಿದ್ದು ಯಾವುದು ಎಂದು ಮಗುವಿಗೆ ಬೆಳಿಗ್ಗೆ ಗುರುತು ಸಿಗಬೇಕು.

ಎಸೆಯುವುದಕ್ಕೂ ಕ್ರಮವಿದೆ. ಒಂದೆರಡು ಹದ ಮಳೆ ಬಿದ್ದು ನೆಲ ತಂಪಾದ ಮೇಲೆ ಹೋಗಿ. ಹೊಲದ ಬದು, ತೋಟದ ಬೇಲಿಸಾಲು, ಶಾಲೆಯ ಹಿತ್ತಲು ಒಳ್ಳೆಯವು. ಜಾಗದ ಯಜಮಾನರನ್ನು ಕೇಳಿ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೇಡ. ಓಡುವ ಕಾರಿನ ಕಿಟಕಿಯಿಂದ ರಸ್ತೆ ಬದಿಗೆ ಎಸೆದ ಉಂಡೆಗಳಿಂದ ಹೆಚ್ಚು ನಿರೀಕ್ಷಿಸಬೇಡಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಹುಲ್ಲುಗಾವಲಿಗೆ ಮರದ ಬೀಜ ಎಸೆಯಬಾರದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಸಂರಕ್ಷಿತ ಪ್ರದೇಶದಲ್ಲಿ ಕೃಷ್ಣಮೃಗಗಳು ಬದುಕಿರುವುದೇ ಬಯಲು ಹುಲ್ಲಿನಿಂದ. ಮರವಿಲ್ಲದ ನೆಲವೆಲ್ಲ ಬರಡು ಎಂಬ ತಪ್ಪು ಪಾಠ ಮಗುವಿಗೆ ನಮ್ಮಿಂದ ಹೋಗಬಾರದು.

ಎಸೆದ ಎಲ್ಲ ಉಂಡೆಗಳೂ ಗಿಡವಾಗುವುದಿಲ್ಲ. ಆಡು ಮೇಯುತ್ತದೆ, ಮಳೆ ಕೈಕೊಡುತ್ತದೆ. ಇದನ್ನು ಮಗುವಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮನೆಯಲ್ಲಿ ನೋಡಲೆಂದು ಮೂರು ಉಂಡೆಗಳನ್ನು ಅಗಲ ಕುಂಡದ ಮಣ್ಣಿನ ಮೇಲೆ ಇಟ್ಟು ನೀರು ಹಾಕುತ್ತಿರಿ. ಹೊಂಗೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಉಂಡೆಯನ್ನು ಸೀಳಿಕೊಂಡು ಮೇಲೇಳುತ್ತದೆ.

ಮಣ್ಣು ಉಳಿದಿದ್ದರೆ ಎತ್ತು

ಜ್ಯೇಷ್ಠ ಮಾಸದ ಅಮಾವಾಸ್ಯೆ ಉತ್ತರ ಕರ್ನಾಟಕದವರಿಗೆ ಮಣ್ಣೆತ್ತಿನ ಅಮಾವಾಸ್ಯೆ. ಜೋಡೆತ್ತು, ಅವುಗಳ ಮುಂದೊಂದು ಗೋದಲಿ (ಮೇವು ಹಾಕುವ ತೊಟ್ಟಿ), ಎಲ್ಲವೂ ಹೊಲದ ಮಣ್ಣಿನವು. ಕರಕುಶಲದ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಎರೆಮಣ್ಣನ್ನು ನೆನೆಸಿ, ಕಲ್ಲು ಆರಿಸಿ, ಕೈಗೆ ಅಂಟದಷ್ಟು ನಾದಿ. ಮೊದಲು ಮೊಟ್ಟೆಯಾಕಾರದ ಮೈ, ಅದಕ್ಕೆ ಮೋಟು ಮೋಟಾದ ನಾಲ್ಕು ಕಾಲು; ಸಪೂರ ಮಾಡಿದರೆ ಒಣಗುವಾಗ ಮುರಿಯುತ್ತವೆ. ಸೇರಿಸುವ ಕಡೆ ಎರಡೂ ಬದಿ ಕಡ್ಡಿಯಿಂದ ಗೀರಿ, ನೀರು ಸವರಿ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ಬೆನ್ನ ಮೇಲಿನ ಡುಬ್ಬ, ಅಂದರೆ ಹಿಣಿಲು ಎತ್ತಿ ಕೊಂಬು ಇಡುವುದು ಕೊನೆಗೆ. ಕಣ್ಣಿಗೆ ಜೋಳದ ಕಾಳು. ಬಣ್ಣದ ಡಬ್ಬಿ ಬೇಡ, ಕೊಂಬಿಗೆ ಅರಿಸಿನ ಸವರಿದರೆ ಸಾಕು. ಹಬ್ಬ ಕಳೆದ ಮೇಲೆ ಗಿಡದ ಬುಡದಲ್ಲಿಟ್ಟು ಮಳೆಗೆ ಬಿಡಿ.

ಮಳೆ ಬಿಡದ ದಿನಕ್ಕೆ ಎಲೆ

ಎಲೆಯಚ್ಚು ಮೂರು ವರ್ಷದ ಮಗುವೂ ಮಾಡಬಲ್ಲ ಕೆಲಸ. ಎಲೆಯನ್ನು ಬೆನ್ನು ಮೇಲಾಗಿ ಇಟ್ಟು, ತೆಳು ಕಾಗದ ಹೊದಿಸಿ, ಮುರಿದ ಮೇಣದ ಬಳಪವನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಉಜ್ಜಬೇಕು. ಸೀಬೆ ಮತ್ತು ತೇಗದ ಎಲೆಯ ನರಗಳು ಉಬ್ಬಿರುವುದರಿಂದ ಅಚ್ಚು ಬಲು ಸ್ಪಷ್ಟವಾಗಿ ಮೂಡುತ್ತದೆ. ಅರಳಿಯನ್ನೂ ಬಿದಿರನ್ನೂ ಅಕ್ಕಪಕ್ಕ ಉಜ್ಜಿಸಿ ನೋಡಿ. ಒಂದರಲ್ಲಿ ಬಲೆ, ಇನ್ನೊಂದರಲ್ಲಿ ಸಾಲುಗೆರೆ. ನೀವು ಹೇಳುವ ಮೊದಲೇ ಮಗು ಹೇಳುತ್ತದೆ.

ತಾಳ್ಮೆಯಿದ್ದರೆ ಅರಳಿಯ ಜಾಲರಿ ಮಾಡಿ. ಬಲಿತ ಅರಳಿ ಎಲೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೂರು ನಾಲ್ಕು ವಾರ ಬಿಡಬೇಕು. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ವಾಸನೆ ಬರುತ್ತದೆ, ಬಕೆಟ್ ಹಿತ್ತಲಲ್ಲಿರಲಿ. ಎಲೆ ಲೋಳೆಯಾದಾಗ ತಟ್ಟೆಯಲ್ಲಿ ಹರಡಿ, ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಟ್ಟುತ್ತ ಹೋಗಿ. ಉಜ್ಜಿದರೆ ಹರಿಯುತ್ತದೆ. ಹಸಿರೆಲ್ಲ ಕಳಚಿ ನರಗಳಷ್ಟೇ ಉಳಿಯುತ್ತವೆ: ನಡುದಂಟು, ಅದರಿಂದ ಕವಲು, ಕವಲಿನಿಂದ ಕೂದಲೆಳೆ, ತುದಿಯ ಉದ್ದ ಬಾಲದವರೆಗೂ. ಪುಸ್ತಕದ ನಡುವೆ ಒತ್ತಿ ಒಣಗಿಸಿ. ಬ್ರಷ್ ಹಿಡಿಯುವ ಕೆಲಸ ಆರು ವರ್ಷ ದಾಟಿದವರಿಗೇ ಇರಲಿ, ಚಿಕ್ಕವರು ನೀರು ಬದಲಿಸಲಿ.

ತೆಂಗಿನ ಗರಿಯ ಪೀಪಿ, ಗಿರಗಟ್ಟೆ, ಕೈಗಡಿಯಾರಗಳನ್ನು ಬರೆದು ಕಲಿಸಲಾಗದು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರ ಪಕ್ಕದಲ್ಲಿ ಮಗುವನ್ನು ಕೂರಿಸಿ. ಮಲೆನಾಡು, ಕರಾವಳಿಯವರಿಗೆ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುವ ಆಟವನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೂವಿನಿಂದ ಬಣ್ಣ

ಉದುರಿದ ಶಂಖಪುಷ್ಪಗಳನ್ನು ಒಂದು ಹಿಡಿ ಬಿಸಿನೀರಿಗೆ ಹಾಕಿ ಮುಚ್ಚಿಡಿ. ಬಿಸಿನೀರು ದೊಡ್ಡವರ ಕೈಯಲ್ಲೇ ಇರಬೇಕು. ತಣಿದ ಮೇಲೆ ಸೋಸಿದರೆ ಕಡು ನೀಲಿ. ಮೂರು ಬಟ್ಟಲಿಗೆ ಹಂಚಿ. ಒಂದನ್ನು ಹಾಗೆಯೇ ಬಿಡಿ, ಎರಡನೆಯದಕ್ಕೆ ಮಗು ನಿಂಬೆರಸ ಹಿಂಡಲಿ, ಮೂರನೆಯದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಲಿ. ನಿಂಬೆ ಬಿದ್ದದ್ದು ನೇರಳೆಯಾಗುತ್ತದೆ, ಸೋಡಾ ಬಿದ್ದದ್ದು ಹಸಿರಿನತ್ತ ವಾಲುತ್ತದೆ. ಕೆಂಪು ದಾಸವಾಳದಲ್ಲೂ ಇದೇ ಆಟ: ಹುಳಿಗೆ ಗಾಢ ಗುಲಾಬಿ, ಸೋಡಾಕ್ಕೆ ಹಸಿರು. ಈ ಹೂಗಳಲ್ಲಿರುವ ಆಂಥೊಸಯನಿನ್ ಎಂಬ ವರ್ಣದ್ರವ್ಯ ಹುಳಿಗೂ ಕ್ಷಾರಕ್ಕೂ ಬೇರೆ ಬೇರೆ ಬಣ್ಣ ತಾಳುತ್ತದೆ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪಾಗುವುದು ಅರಿಸಿನದ ಇಂಥದ್ದೇ ಗುಣದಿಂದ. ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ, ಮಕ್ಕಳಿಗೆ ಸೋಡಾವೇ ಸಾಕು. ತೆಂಗಿನ ನಾರನ್ನು ಕಡ್ಡಿಗೆ ಕಟ್ಟಿದರೆ ಕುಂಚ ಸಿದ್ಧ. ಈ ಬಣ್ಣ ಬೆಳಕಿಗೆ ಮಾಸುತ್ತದೆ. ಮಾಸಿದ್ದನ್ನು ಪಕ್ಕದಲ್ಲಿಟ್ಟು ಹೊಸದು ಬರೆಯಲಿ.

ವಾರಕ್ಕೊಮ್ಮೆ ಅದೇ ಮರ

ಇಷ್ಟರಲ್ಲಿ ಒಂದನ್ನೇ ಮಾಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನು. ಮಗು ಒಂದು ಮರ ಆರಿಸಲಿ. ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ತಬ್ಬಿ, ಸುತ್ತಳತೆಗೆ ಎಷ್ಟು ಕೈ ಬೇಕು ನೋಡಿ. ಚಿಗುರಿದೆಯೇ, ಮೊಗ್ಗಿದೆಯೇ, ಹೂವೇ, ಕಾಯಿಯೇ, ಹಣ್ಣೇ ಎಂದು ಐದು ಪ್ರಶ್ನೆ ಕೇಳಿ, ನೋಟ್‌ಪುಸ್ತಕದಲ್ಲಿ ತಾರೀಖು ಹಾಕಿ ಚಿತ್ರ ಬರೆಸಿ. ಹೊಂಗೆಯನ್ನು ಆರಿಸಿದರೆ ಎಲೆಯ ಮೇಲೆ ಬೆರಳಿನಂತೆ ಎದ್ದ ಗಂಟುಗಳನ್ನು ಮಗು ಖಂಡಿತ ಕೇಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಗಾಗಿ ಎಲೆಯೇ ಕಟ್ಟಿಕೊಟ್ಟ ಮನೆ ಅದು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಪುಸ್ತಕದಲ್ಲಿ ಪ್ರಶ್ನೆಯನ್ನೇ ಬರೆದಿಟ್ಟು ಮುಂದಿನ ವಾರ ಮತ್ತೆ ನೋಡಿ.

ಮೈಸೂರು ಮೂಲದ ನೇಚರ್ ಕನ್ಸರ್ವೇಷನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ಯೋಜನೆ ದೇಶದಾದ್ಯಂತ ಇಂಥದ್ದೇ ವಾರದ ಟಿಪ್ಪಣಿಗಳನ್ನು ಶಾಲೆಗಳಿಂದ, ಮನೆಗಳಿಂದ ಸಂಗ್ರಹಿಸುತ್ತದೆ. ಹವಾಮಾನ ಬದಲಾದಂತೆ ಮರಗಳ ಋತುಕ್ರಮ ಹೇಗೆ ಬದಲಾಗುತ್ತಿದೆ ಎಂದು ತಿಳಿಯಲು ಅದು ಬೇಕು. ಮಾವು, ಹಲಸು, ಹುಣಸೆ, ಕಕ್ಕೆಯಂಥ ಪರಿಚಿತ ಮರಗಳು ಅದರ ಪಟ್ಟಿಯಲ್ಲಿವೆ. ಮರವನ್ನು ಒಮ್ಮೆ ನೋಂದಾಯಿಸಿಕೊಂಡರೆ ಆಯಿತು. ನೋಡಿ ಹೇಳುವುದು ಮಗು, ಮೊಬೈಲ್‌ನಲ್ಲಿ ತುಂಬುವುದು ನೀವು.