ಥಾಣೆ ಬರೋವರೆಗೂ ಗುಳಿಗೆ ಇಲ್ಲ

ನನ್ನ ಲೋಕಲ್ ರೈಲಿನ ಪಾಸಿನ ಕವರಿನಲ್ಲಿ, ಪಾಸಿನ ಹಿಂದೆ, ಹತ್ತು ಗುಳಿಗೆಗಳ ಒಂದು ಸ್ಟ್ರಿಪ್ ಇರುತ್ತದೆ. ಕ್ಲೊನಾಜೆಪಾಮ್ ಅಂತ, ಹೆದರಿಕೆ ಇಳಿಸುವ ಗುಳಿಗೆ, 0.25 ಮಿಲಿಗ್ರಾಂ, ನಾಲಿಗೆ ಮೇಲೆ ಕರಗುವಂಥದ್ದು. ಚೀಟಿಯಲ್ಲಿ ಅದರ ಮುಂದೆ ಡಾಕ್ಟರ್ ಬರೆದದ್ದು ಮೂರೇ ಅಕ್ಷರ: ಎಸ್‌ಓಎಸ್. ಬೇಕೆನಿಸಿದಾಗ ತಗೊಳ್ಳಿ ಅಂತ. ಬೇಕು ಅಂತ ನನಗೆ ಅನಿಸದೇ ಇರುವ ಹೊತ್ತಾದರೂ ಯಾವುದಿತ್ತು ಆಗ?

ನಾನು ಧಾರವಾಡದವಳು, ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಹದಿಮೂರು ವರ್ಷ. ಆಫೀಸು ಮುಂಬೈಯ ಫೋರ್ಟ್‌ನಲ್ಲಿ. ಬೆಳಿಗ್ಗೆ ಫಾಸ್ಟ್ ಲೋಕಲ್, ಲೇಡೀಸ್ ಡಬ್ಬಿ. ಮೊದಲ ಸಲ ಆದದ್ದು ಡೊಂಬಿವಲಿ ಬಿಟ್ಟು ಐದು ನಿಮಿಷಕ್ಕೆ. ಎದೆ ಡವಡವ, ಅಂಗೈಯಲ್ಲಿ ಬೆವರು, ಬೆರಳ ತುದಿ ಜುಮುಗುಟ್ಟಿ ಈಗ ಸತ್ತೇ ಹೋಗ್ತೀನಿ ಅನ್ನಿಸಿಬಿಟ್ಟಿತು. ನನ್ನದು ಫಾಸ್ಟ್ ಗಾಡಿ ನೋಡಿ, ಥಾಣೆವರೆಗೂ ನಿಲ್ಲೋದಿಲ್ಲ. ಥಾಣೆಯಲ್ಲಿ ಇಳಿದು ಸೀದಾ ಆಸ್ಪತ್ರೆಗೆ ಹೋದೆ. ಇಸಿಜಿ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. ಮೂರನೇ ಸಲಕ್ಕೆ ಮನೋವೈದ್ಯರ ಹತ್ತಿರ ಹೋದೆ, ಪ್ಯಾನಿಕ್ ಅಟ್ಯಾಕ್ ಅಂದರು. ದಿನಾ ತಗೊಳ್ಳೋಕೆ ಎಸಿಟಲೊಪ್ರಾಮ್ ಕೊಟ್ಟರು. ಅದು ಹಿಡಿಯೋಕೆ ಕೆಲವು ವಾರ ಬೇಕು, ಅಲ್ಲಿಯವರೆಗೆ ಆಸರೆಗೆ ಈ ಸ್ಟ್ರಿಪ್.

ಮೆಡಿಕಲ್ ಅಂಗಡಿಯವನು ಚೀಟಿ ನೋಡಿ, ನನ್ನ ಹಿಂದೆ ನಾಲ್ಕು ಜನ ನಿಂತಿದ್ದಾಗ, 'ಝೋಪೇಚಿ ಗೋಳಿ ನಾ?' ಅಂತ ಕೂಗಿ ಕೇಳಿದ. ನಿದ್ದೆ ಗುಳಿಗೆ ಅಲ್ವಾ ಅಂತ. ಅವರ ಮರಾಠಿಯ ಗೋಳಿ ನನಗೆ ಅವತ್ತು ನಿಜವಾಗಿ ಗೋಳಾಯಿತು. ಈಗ ಬೇರೆ ಅಂಗಡಿಗೆ ಹೋಗ್ತೀನಿ.

ಶುರುವಿನಲ್ಲಿ ನಾನು ಮಾಡುತ್ತಿದ್ದುದು ಇಷ್ಟೇ. ಎದೆ ಡವಡವ ಅಂದ ತಕ್ಷಣ ಒಂದು ಗುಳಿಗೆ ಬಾಯಿಗೆ. ಹತ್ತು ನಿಮಿಷಕ್ಕೆ ಹಗುರವಾಗುತ್ತಿತ್ತು. ಆಹಾ, ಎಂಥ ಗುಳಿಗೆ! ಡಾಕ್ಟರಿಗೂ ಹಾಗೇ ಹೇಳಿದೆ. ಅವರು ನಕ್ಕರು. ಇದು ನಾಲಿಗೆ ಮೇಲೆ ಕರಗೋದು ಅರೆಗಳಿಗೆಯಲ್ಲಿ, ಆದರೆ ಕರಗಿದ ಮಾತ್ರಕ್ಕೆ ಕೆಲಸ ಶುರುವಾಗಲ್ಲ, ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು ಅಂದರು. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ ಆಮೇಲೆ ತಾನಾಗಿಯೇ ಇಳಿಯುತ್ತದಂತೆ. ಅಂದರೆ ನಾನು ಡೊಂಬಿವಲಿಯಲ್ಲಿ ನುಂಗಿದ ಗುಳಿಗೆ ಕೆಲಸ ಶುರು ಮಾಡುವಾಗ ಗಾಡಿ ಥಾಣೆ ಬಿಟ್ಟು ಮುಂದೆ ಕುರ್ಲಾನೋ ದಾದರೋ ದಾಟಿರುತ್ತಿತ್ತು. ಥಾಣೆಯಲ್ಲೇ ನನ್ನನ್ನು ಸರಿ ಮಾಡಿದ್ದು ನನ್ನ ಮೈಯೇ, ಹೆಸರು ಮಾತ್ರ ಗುಳಿಗೆಗೆ. ಇದನ್ನು ಕೇಳಿ ನನಗೆ ಸಮಾಧಾನ ಆಗಲಿಲ್ಲ, ಸ್ವಲ್ಪ ಸಿಟ್ಟೇ ಬಂತು.

ಇನ್ನೊಂದು ತಪ್ಪು ಮಾಡಿದೆ. ತಿಂಗಳ ಕೊನೆಯ ಮೀಟಿಂಗಿಗೆ ಮುಂಚೆ, ಏನೂ ಆಗಿರದಿದ್ದರೂ, ಇರಲಿ ಅಂತ ಒಂದು ತಗೊಂಡೆ. ಹೆದರಿಕೆ ಬರಲಿಲ್ಲ, ಖರೆ. ಅಂಕಿಗಳೂ ನೆನಪಿಗೆ ಬರಲಿಲ್ಲ! ಸಾಹೇಬರು ಕೇಳಿದ್ದನ್ನೇ ಎರಡು ಸಲ ಕೇಳಬೇಕಾಯಿತು, ಮಧ್ಯಾಹ್ನವೆಲ್ಲ ತಲೆಗೆ ಹತ್ತಿ ತುಂಬಿದ ಹಾಗಿತ್ತು.

ಆಮೇಲೆ ಡಾಕ್ಟರು ಒಂದು ಪುಟ್ಟ ಡೈರಿ ಇಡೋಕೆ ಹೇಳಿದರು. ದಿನ, ಹೊತ್ತು, ಎಲ್ಲಿದ್ದೆ, ಹೆದರಿಕೆ ಹತ್ತರಲ್ಲಿ ಎಷ್ಟು, ಗುಳಿಗೆ ತಗೊಂಡೆನೋ ಇಲ್ಲವೋ, ಅರ್ಧ ಗಂಟೆ ಆದಮೇಲೆ ಎಷ್ಟು. ಆರು ವಾರ ಬರೆದು ಒಯ್ದೆ. ಅವರು ಬೆರಳಿಟ್ಟು ಓದಿದರು: ಸೋಮವಾರ, ಮಂಗಳವಾರ, ಸೋಮವಾರ, ಸೋಮವಾರ, ಮಂಗಳವಾರ. 'ಇದು ಎಸ್‌ಓಎಸ್ ಅಲ್ಲ, ವಾರದ ವರ್ತನೆ ಹಾಲಿನ ಲೆಕ್ಕ ಆಯ್ತು,' ಅಂದರು (ಅವರು ಹೇಳಿದ್ದು ಮರಾಠಿಯಲ್ಲಿ, 'ವರ್ತನೆ ಹಾಲು' ಅನ್ನೋ ಮಾತು ನನ್ನದು). ಈ ಗುಳಿಗೆಯ ಅರ್ಧದಷ್ಟು ಮೈಯಿಂದ ಹೋಗೋಕೇ 30ರಿಂದ 40 ಗಂಟೆ ಬೇಕಂತೆ. ಅಂದರೆ ಮಂಗಳವಾರ ತಗೊಂಡದ್ದು ಸೋಮವಾರದ್ದರ ಮೇಲೆ ಕೂರುತ್ತದೆ. ಹಾಗೇ ದಿನಾ ವಾರಗಟ್ಟಲೆ ನಡೆದರೆ ಮೈ ಅದಕ್ಕೆ ಒಗ್ಗಿಕೊಂಡು, ಆಮೇಲೆ ತಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಈಗಾಗಲೇ ದಿನಾ ತಗೊಳ್ಳುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ ಮತ್ತೆ, ಡಾಕ್ಟರ್ ಹತ್ತಿರ ಹೋಗಿ ನಿಧಾನಕ್ಕೆ ಇಳಿಸಿಕೊಳ್ಳಬೇಕು.

ಅವತ್ತು ದಿನದ ಔಷಧಿಯ ಪ್ರಮಾಣ ಬದಲಾಯಿತು, ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆಗೂ ಕಳಿಸಿದರು, ಎಸ್‌ಓಎಸ್‌ಗೆ ನನ್ನದೇ ಒಂದು ಕಟ್ಟಳೆ ಮಾಡಿಕೊಟ್ಟರು. ನಿಮ್ಮದು ಬೇರೆ ಇರಬಹುದು. ನನ್ನದು ಹೀಗೆ: ಮೊದಲು ಇಪ್ಪತ್ತು ನಿಮಿಷ ಕಾಯೋದು. ಆಮೇಲೂ ಹತ್ತರಲ್ಲಿ ಏಳಕ್ಕಿಂತ ಜಾಸ್ತಿ ಇದ್ದರೆ, ಎದ್ದು ಹೋಗೋಕೆ ದಾರಿಯೂ ಇಲ್ಲದಿದ್ದರೆ, ತಗೊಳ್ಳಬಹುದು. ವಾರಕ್ಕೆ ಎರಡೇ, ಅದೂ ಬೆನ್ನುಬೆನ್ನಿಗೆ ಬೇಡ. ಮೂರನೆಯದು ಬೇಕೆನಿಸಿದರೆ ಫೋನ್ ಮಾಡಬೇಕು.

ಇಪ್ಪತ್ತು ನಿಮಿಷ ಅಂದರೆ ನನ್ನ ಲೆಕ್ಕದಲ್ಲಿ ಥಾಣೆ. ಥಾಣೆ ಬರೋವರೆಗೂ ಗುಳಿಗೆ ಇಲ್ಲ.

ಹೇಳೋಕೆ ಸುಲಭ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕುಂಡೆ ಊರಿ ಕೂತು, ಒಂದು ಕಾಲು ಓಣಿಯಲ್ಲಿ ಚಾಚಿ, ಪಾಸಿನ ಕವರಿನ ಮೇಲಿಂದಲೇ ಬೆರಳಲ್ಲಿ ಗುಳಿಗೆಯ ಉಬ್ಬು ಮುಟ್ಟುತ್ತಿದ್ದೆ. ಒಂದು, ಎರಡು, ಹೀಗೆ ಎಂಟು, ಖಾಲಿಯಾದ ಎರಡು ಕುಳಿ. ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ. ಪಕ್ಕದವಳು ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತಾಳೆ, ನಾನು ಅವಳು ಬಿಡಿಸಿದ ದಂಟು ಎಣಿಸುತ್ತೇನೆ. ದಿವಾ, ಮುಂಬ್ರಾ, ಕಳವಾ ಕಿಟಕಿಯಲ್ಲಿ ಹೋಗುತ್ತವೆ. ಥಾಣೆಯಲ್ಲಿ ನೂಕುನುಗ್ಗಲು ಶುರುವಾಗುವ ಹೊತ್ತಿಗೆ ಹೆದರಿಕೆ ಒಂಬತ್ತಿದ್ದದ್ದು ನಾಲ್ಕಾಗಿರುತ್ತದೆ. ಪ್ರತಿಸಲ ಅಲ್ಲ. ಹೆಚ್ಚಿನ ಸಲ.

ಮೊದಲೇ ಗೊತ್ತಿರುವ ಸಂಗತಿ ಬೇರೆ. ಬೆನ್ನುನೋವಿಗೆ ಎಮ್‌ಆರ್‌ಐ ಮಾಡಿಸಬೇಕಾದಾಗ, ಆ ಕೊಳವೆಯೊಳಗೆ ಅಲುಗಾಡದೆ ಮಲಗೋದು ನನ್ನಿಂದ ಆಗಲ್ಲ ಅಂತ ಗೊತ್ತಿತ್ತು. ಡಾಕ್ಟರನ್ನು ಕೇಳಿ ಒಂದು ಗಂಟೆ ಮುಂಚೆ ತಗೊಂಡೆ, ಗಂಡ ಜೊತೆಗೆ ಬಂದರು. ಅದಕ್ಕೆ ನನಗೆ ಯಾವ ಬೇಸರವೂ ಇಲ್ಲ. ಗುಳಿಗೆ ತಗೊಳ್ಳದಿದ್ದರೆ ಗಟ್ಟಿ, ತಗೊಂಡರೆ ಪುಕ್ಕಲು ಅನ್ನೋ ಲೆಕ್ಕ ನನಗೆ ಹಿಡಿಸೋದಿಲ್ಲ. ಬೇಕಾದಾಗ ತಗೊಳ್ಳದೆ ಇಡೀ ದಿನ ನರಳಿದ್ದೂ ಡೈರಿಯಲ್ಲಿದೆ.

ತಗೊಂಡ ದಿನ ಸ್ಕೂಟಿ ಮುಟ್ಟೋದಿಲ್ಲ. ಮದುವೆ ಮುಂಜಿಯಲ್ಲಿ ಯಾರಾದರೂ ವೈನ್ ಅಂದರೂ ಬೇಡ. ಈ ಗುಳಿಗೆಗೆ ಮದ್ಯ ಸೇರಿದರೆ ಉಸಿರಾಟವೇ ನಿಧಾನವಾಗಬಹುದು, ಅದು ತಮಾಷೆಯ ಮಾತಲ್ಲ. ಇನ್ನು ಮನೆಯಲ್ಲಿ ಅತ್ತೆ. ಒಂದು ರಾತ್ರಿ ನಿದ್ದೆ ಬರದೆ ನನ್ನ ಕೋಣೆ ಬಾಗಿಲಿಗೆ ಬಂದು, 'ಆ ನಿನ್ನ ಗುಳಿಗಿ ನನಗೂ ಅರ್ಧಾ ಕೊಡವಾ,' ಅಂದರು. ಎಪ್ಪತ್ತಾರು ವರ್ಷ, ರಾತ್ರಿ ಎರಡು ಸಲ ಬಚ್ಚಲಿಗೆ ಏಳುತ್ತಾರೆ. ವಯಸ್ಸಾದವರು ಇದನ್ನು ತಗೊಂಡರೆ ತೂಕಡಿಸಿ ಬೀಳುವ ಅಪಾಯ ಜಾಸ್ತಿ. 'ಇಲ್ರೀ ಅತ್ತಿ, ಬಿದ್ದು ಸೊಂಟ ಮುರಕೊಂಡರ ನಾನs ಎತ್ತಬೇಕು,' ಅಂದೆ. ಎರಡು ದಿನ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಸ್ಟ್ರಿಪ್ಪನ್ನು ಈಗ ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ.

ರಾತ್ರಿ ಯಾರೂ ಸಿಗದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು.

ಕೊನೆಯ ಸಲ ತಗೊಂಡದ್ದು ಹೋದ ಜುಲೈನಲ್ಲಿ. ಸಂಜೆ ವಾಪಸ್ ಬರುವಾಗ ಸಾಯನ್ ಕುರ್ಲಾ ನಡುವೆ ಹಳಿ ಮೇಲೆ ನೀರು, ಗಾಡಿ ನಿಂತೇಬಿಟ್ಟಿತು. ಫ್ಯಾನು ಬಂದ್, ಕಿಟಕಿ ತೆರೆದರೆ ಇರಚಲು, ಮುಚ್ಚಿದರೆ ಸೆಕೆ. ಉಸಿರು ಎಣಿಸಿದೆ, ಇಪ್ಪತ್ತು ನಿಮಿಷ ಆಯಿತು, ಇಪ್ಪತ್ತೈದು ಆಯಿತು. ಥಾಣೆ ಬರುತ್ತದೆ ಅಂತ ಕಾಯೋಕೆ ಗಾಡಿಯೇ ಓಡುತ್ತಿರಲಿಲ್ಲ. ಹೆದರಿಕೆ ಹತ್ತರಲ್ಲಿ ಎಂಟು. ಇಳಿಯೋಕೆ ಕೆಳಗೆ ಮೊಣಕಾಲುದ್ದ ನೀರು. ಒಂದು ಗುಳಿಗೆ ಒತ್ತಿ ತೆಗೆದು ನಾಲಿಗೆ ಮೇಲಿಟ್ಟುಕೊಂಡೆ. ಎದುರಿನ ಹುಡುಗಿ ನೋಡಿದಳು, ತನ್ನ ನೀರಿನ ಬಾಟಲಿ ಚಾಚಿದಳು. ಬೇಡವಾಗಿತ್ತು, ಆದರೂ ಎರಡು ಗುಟುಕು ಕುಡಿದೆ.

ಮನೆ ಸೇರಿದಾಗ ರಾತ್ರಿ ಹನ್ನೊಂದೂವರೆ, ಸ್ಟೇಷನ್ನಿಗೆ ಗಂಡ ಬಂದಿದ್ದರು. ಸ್ಕೂಟಿ ಸ್ಟ್ಯಾಂಡಿನಲ್ಲೇ ನೆನೆಯುತ್ತಿತ್ತು, ಬೆಳಿಗ್ಗೆ ಹೋಗಿ ಎರಡು ದಿನದ ಬಾಡಿಗೆ ಕೊಟ್ಟು, ಸೀಟು ಒರೆಸಿ ತಂದೆ.